ತಾಯಿಕುದುರೆಯ ಮೂಲಕ ಮರಿಯ ನೆಮ್ಮದಿ: ಮಿಲ್ಲರ್ ಪದ್ಧತಿಯ ಮರುಪರಿಶೀಲನೆ

ಕ್ಯಾಲಿಫೋರ್ನಿಯಾದ ಪಶುವೈದ್ಯ ರಾಬರ್ಟ್ ಎಂ. ಮಿಲ್ಲರ್ 1991ರಲ್ಲಿ ಹೊರತಂದ, ನವಜಾತ ಕುದುರೆಮರಿಗಳ 'ಇಂಪ್ರಿಂಟ್ ತರಬೇತಿ'ಯನ್ನು ಕುರಿತ ಪುಸ್ತಕವು ಅಮೆರಿಕದ ಅಶ್ವಪಾಲಕರಲ್ಲಿ ಬಹುಬೇಗ ಕೈಪಿಡಿಯ ಸ್ಥಾನವನ್ನು ಪಡೆದು, ಅನಂತರ ಬೇರೆ ದೇಶಗಳ ಲಾಯಗಳಿಗೂ ಹರಡಿತು. ಗುಡುಗು, ಪಟಾಕಿ, ತಲೆಯ ಮೇಲೆ ಹಾರಿಹೋಗುವ ಹೆಲಿಕಾಪ್ಟರ್, ಟ್ರಕ್ಕಿನ ಪ್ರಯಾಣ, ವೈದ್ಯರ ಸೂಜಿ ಇವುಗಳ ಎದುರು ಎಳೆಯ ಮರಿ ಹೌಹಾರಿ ತನಗೂ ಹಿಡಿದವರಿಗೂ ಅಪಾಯ ತಂದುಕೊಳ್ಳುವುದನ್ನು ತಡೆಯಬೇಕಾದರೆ, ಗಲಭೆಯ ಗಳಿಗೆಯಲ್ಲಿ ಮಾಡುವ ಉಪಾಯಗಳಿಗಿಂತ ಅದಕ್ಕೂ ಬಹಳ ಮೊದಲೇ ನಡೆಯುವ ಸಿದ್ಧತೆ ಮುಖ್ಯವೆಂಬುದು ಆ ಪುಸ್ತಕದ ಮೂಲ ನಿಲುವು. ಈ ನಿಲುವು ಸರಿಯಾದದ್ದು. ಅದನ್ನು ಸ್ಪಷ್ಟವಾಗಿ ಮುಂದಿಟ್ಟ ಶ್ರೇಯಸ್ಸು ಮಿಲ್ಲರ್ ಅವರಿಗೆ ಸಲ್ಲಬೇಕು. ಆದರೆ ಆ ಸಿದ್ಧತೆಯನ್ನು ಯಾವ ಪ್ರಾಣಿಯ ಮೇಲೆ, ಯಾವ ರೀತಿಯಲ್ಲಿ ನಡೆಸಬೇಕೆಂಬ ವಿಷಯದಲ್ಲಿ ಪುಸ್ತಕ ಕೊಟ್ಟ ಉತ್ತರವು ಅನಂತರದ ಪ್ರಯೋಗಗಳ ಮುಂದೆ ನಿಲ್ಲಲಿಲ್ಲ.

ಕುದುರೆಯು ಬೇಟೆಗೆ ಗುರಿಯಾಗುವ ಪ್ರಾಣಿಯಾದ್ದರಿಂದ ಅದರ ಮೊದಲ ರಕ್ಷಣೆ ಓಟವೇ. ಸುಮಾರು ಹನ್ನೊಂದು ತಿಂಗಳ ಗರ್ಭವಾಸವನ್ನು ಮುಗಿಸಿ ಬರುವ ಮರಿ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಎದ್ದು ನಿಂತು, ಎರಡು ಗಂಟೆಯೊಳಗೆ ಕೆಚ್ಚಲನ್ನು ಹುಡುಕಿ, ಮೊದಲ ದಿನವೇ ತಾಯಿಯ ಜೊತೆ ಓಡಬಲ್ಲದು. ಜಿಂಕೆಯ ಮರಿ ಪೊದೆಯಲ್ಲಿ ಅಡಗಿ ಅಲುಗದೆ ಮಲಗಿದರೆ, ಕುದುರೆಮರಿ ತಾಯಿಯ ಮಗ್ಗುಲಿಗಂಟಿಕೊಂಡು ಅದು ಹೋದತ್ತ ಹೋಗುತ್ತದೆ. ಪ್ರಾಣಿವರ್ತನೆಯ ಶಾಸ್ತ್ರಜ್ಞರು ಇಂಥ ಮರಿಗಳನ್ನು 'ಹಿಂಬಾಲಿಸುವ' ವರ್ಗಕ್ಕೆ ಸೇರಿಸುತ್ತಾರೆ. ಈ ಒಂದು ಲಕ್ಷಣದಲ್ಲಿಯೇ ಮರಿಯ ಸುರಕ್ಷತೆಯೂ ಅಪಾಯವೂ ಅಡಗಿವೆ. ತಾಯಿ ನಿಂತರೆ ಮರಿ ನಿಲ್ಲುತ್ತದೆ. ತಾಯಿ ಬೆದರಿ ಬೇಲಿಯುದ್ದಕ್ಕೂ ದೌಡಾಯಿಸಿದರೆ, ತಂತಿಯೆಂದರೇನೆಂದು ಇನ್ನೂ ಅರಿಯದ ಮರಿ ಅದೇ ವೇಗದಲ್ಲಿ ಹೋಗಿ ತಂತಿಗೆ ಬೀಳುತ್ತದೆ, ಇಲ್ಲವೇ ಇಕ್ಕಟ್ಟಾದ ಲಾಯದಲ್ಲಿ ತಾಯಿಯ ಗೊರಸಿನಡಿಗೇ ಸಿಕ್ಕುತ್ತದೆ. ತಾಯಿಯಿಂದ ಬೇರ್ಪಟ್ಟರೆ ಆಗುವ ಹಾನಿ ಬೇರೆ ಬಗೆಯದು. ಮೊದಲ ವಾರದಲ್ಲಿ ಗಂಟೆಗೆ ಹಲವು ಬಾರಿ ಹಾಲು ಕುಡಿಯುವ ಮರಿಗೆ ಒಂದೆರಡು ಗಂಟೆಗಳ ಅಗಲಿಕೆಯೇ ದೊಡ್ಡದು. ಹುಟ್ಟಿದ ದಿನವಂತೂ ಗಿಣ್ಣುಹಾಲು ತಪ್ಪಿದರೆ ರೋಗನಿರೋಧಕ ಶಕ್ತಿಯೇ ತಪ್ಪಿದಂತೆ. ಕುದುರೆಯ ಮಾಸು ಪ್ರತಿಕಾಯಗಳನ್ನು, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಪ್ರೋಟೀನುಗಳನ್ನು ಗರ್ಭಕ್ಕೆ ದಾಟಿಸುವುದಿಲ್ಲ. ಅವನ್ನು ಹೀರಿಕೊಳ್ಳುವ ಕರುಳಿನ ಸಾಮರ್ಥ್ಯವೂ 24 ಗಂಟೆಗಳಲ್ಲಿ ಮುಗಿದುಹೋಗುತ್ತದೆ.

ಮಿಲ್ಲರ್ ಪದ್ಧತಿಯು ಕೈ ಹಾಕುವುದು ಇದೇ ಅಮೂಲ್ಯ ಗಂಟೆಗಳಿಗೆ. ಮರಿ ಎದ್ದು ನಿಲ್ಲುವ ಮೊದಲೇ ಅದನ್ನು ಮಲಗಿದಲ್ಲಿ ಹಿಡಿದು, ಕಿವಿ, ಬಾಯಿ, ಮೂಗಿನ ಹೊಳ್ಳೆ, ಕಾಲು, ಬಾಲದ ಬುಡ ಹೀಗೆ ಒಂದೊಂದೇ ಅಂಗವನ್ನು ಹತ್ತಾರು ಬಾರಿ ಉಜ್ಜಿ, ಗೊರಸನ್ನು ತಟ್ಟಿ, ಕೂದಲು ಕತ್ತರಿಸುವ ಯಂತ್ರದ ಸದ್ದನ್ನೂ ಪ್ಲಾಸ್ಟಿಕ್ ಹಾಳೆಯ ಸರಸರವನ್ನೂ ಪರಿಚಯಿಸಬೇಕು. ಮರಿ ಕೊಸರಾಡುವುದನ್ನು ಬಿಟ್ಟು ಸಡಿಲವಾಗುವ ವರೆಗೆ ಯಾವ ಕ್ರಿಯೆಯನ್ನೂ ನಿಲ್ಲಿಸಬಾರದು, ಏಕೆಂದರೆ ಕೊಸರಿದಾಗ ಕೈ ಬಿಟ್ಟರೆ ಕೊಸರುವುದನ್ನೇ ಕಲಿಸಿದಂತಾಗುತ್ತದೆ ಎಂಬುದು ಅವರ ಕಟ್ಟುನಿಟ್ಟಿನ ಸೂಚನೆ. ತಾಯಿ ಹತ್ತಿರವೇ ಇದ್ದು ಮರಿಯನ್ನು ಮೂಸಿ ನೆಕ್ಕಲು ಅವಕಾಶವಿರಬೇಕೆಂಬ ಎಚ್ಚರಿಕೆಯೂ ಉಂಟು. ಆದರೂ ಇಡೀ ಕ್ರಮದಲ್ಲಿ ತಾಯಿಗೆ ಸಲ್ಲುವುದು ಪಕ್ಕದಲ್ಲಿ ನಿಂತ ಸಾಕ್ಷಿಯ ಪಾತ್ರ ಮಾತ್ರ. ಕಲಿಕೆ ನಡೆಯುವುದು ಮನುಷ್ಯನ ಕೈ ಮತ್ತು ಮರಿಯ ಚರ್ಮದ ನಡುವೆ.

ಪದ್ಧತಿಯ ಹೆಸರು ಆಸ್ಟ್ರಿಯಾದ ವಿಜ್ಞಾನಿ, 1973ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಕೊನ್ರಾಡ್ ಲೊರೆನ್ಸ್ ಅವರ ಸಂಶೋಧನೆಯಿಂದ ಬಂದದ್ದು. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿಗಳು ಒಂದು ಕಿರು ಅವಧಿಯಲ್ಲಿ ಕಣ್ಣಿಗೆ ಬಿದ್ದ ಚಲಿಸುವ ಆಕೃತಿಯನ್ನು ತಾಯಿಯೆಂದು ಅಚ್ಚೊತ್ತಿಕೊಂಡು ಹಿಂಬಾಲಿಸುವುದನ್ನು ಅವರು ವಿವರಿಸಿದ್ದರು. ಅದು ಯಾರನ್ನು ಹಿಂಬಾಲಿಸಬೇಕೆಂಬುದನ್ನು ನಿರ್ಧರಿಸುವ ಕಲಿಕೆ. ಯಾವುದಕ್ಕೆ ಹೆದರಬಾರದೆಂಬ ಕಲಿಕೆಯಲ್ಲ. ಮಿಲ್ಲರ್ ಕ್ರಮದಲ್ಲಿ ವಾಸ್ತವವಾಗಿ ನಡೆಯುವುದು ರೂಢಿಗೊಳಿಸುವಿಕೆ, ಅಂದರೆ ಹಾನಿ ಮಾಡದ ಪ್ರಚೋದನೆಯನ್ನು ಮತ್ತೆ ಮತ್ತೆ ಒದಗಿಸಿ ಅದಕ್ಕೆ ಪ್ರಾಣಿ ಪ್ರತಿಕ್ರಿಯಿಸುವುದನ್ನು ಕಡಿಮೆ ಮಾಡುವ ವಿಧಾನ. ಅದರಲ್ಲಿಯೂ ತಪ್ಪಿಸಿಕೊಳ್ಳಲು ದಾರಿಯಿಲ್ಲದಂತೆ ಹಿಡಿದು ನಡೆಸುವ, ಮನೋವಿಜ್ಞಾನದಲ್ಲಿ 'ಮುಳುಗಿಸುವಿಕೆ' ಎನ್ನಬಹುದಾದ ಅದರ ಅತಿ ಬಿರುಸಿನ ರೂಪ.

ಇಲ್ಲಿಯೇ ಪುಸ್ತಕದ ಅತಿ ದುರ್ಬಲ ಸ್ಥಳವಿದೆ. ಮರಿ ಸಡಿಲವಾಗಿ ಅಲುಗದೆ ಮಲಗುವುದನ್ನು ಅದು ನೆಮ್ಮದಿಯ ಗುರುತೆಂದು ಓದುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಜಾನ್ ಮ್ಯಾಡಿಗನ್ ಮತ್ತು ಅವರ ಸಹೋದ್ಯೋಗಿಗಳು ತೋರಿಸಿಕೊಟ್ಟಂತೆ, ನವಜಾತ ಮರಿಯ ಎದೆಗೂಡಿಗೆ ಮೆತ್ತನೆಯ ಹಗ್ಗವನ್ನು ಸುತ್ತಿ ಸಮನಾಗಿ ಬಿಗಿದರೆ ಅದು ಕುಸಿದು ಮಲಗಿ, ಹೃದಯಬಡಿತ ಮತ್ತು ಉಸಿರಾಟ ನಿಧಾನವಾಗಿ, ನಿದ್ರೆಯಂಥ ಸ್ಥಿತಿಗೆ ಜಾರುತ್ತದೆ. ಹುಟ್ಟಿದ ಮೇಲೂ ಎಚ್ಚರ ತಾಳದೆ ಮಂಕಾಗಿ ಅಲೆಯುವ ಮರಿಗಳಿಗೆ ಸುಮಾರು 20 ನಿಮಿಷಗಳ ಈ ಬಿಗಿತವನ್ನು ಅವರು ಚಿಕಿತ್ಸೆಯಾಗಿ ಬಳಸಿದರು. ಜನನನಾಳದ ಒತ್ತಡಕ್ಕೆ ದೇಹ ತೋರುವ ಸಹಜ ಪ್ರತಿಕ್ರಿಯೆಯೇ ಇದೆಂಬುದು ಅವರ ವಿವರಣೆ. ಅಂದರೆ ನವಜಾತ ಮರಿಯ ನಿಶ್ಚಲತೆಯನ್ನು ಹಿಡಿತವೊಂದೇ ಹುಟ್ಟಿಸಬಲ್ಲದು; ಅದು ಲೋಕದ ವಸ್ತುಗಳ ಬಗ್ಗೆ ಮರಿ ತಳೆದ ತೀರ್ಮಾನವಾಗಬೇಕಿಲ್ಲ. ಹಿಡಿದಾಗ ಅಲುಗದ ಮರಿ ಮುಂದೆ ಗಲಭೆಯ ನಡುವೆ, ಯಾರೂ ಹಿಡಿಯದಿರುವಾಗ ಹೇಗೆ ನಡೆದುಕೊಳ್ಳುತ್ತದೆಂಬುದನ್ನು ಆ ನಿಶ್ಚಲತೆಯಿಂದ ಊಹಿಸುವುದು ಸಾಧ್ಯವಿಲ್ಲ.

ಪ್ರಯೋಗಗಳ ಫಲಿತಾಂಶವೂ ಈ ಶಂಕೆಯನ್ನು ಬಲಪಡಿಸುತ್ತದೆ. ಟೆಕ್ಸಾಸ್‌ನಲ್ಲಿ ಜೆ. ಎಲ್. ವಿಲಿಯಮ್ಸ್, ಟಿ. ಎಚ್. ಫ್ರೆಂಡ್ ಮತ್ತಿತರರು ನಡೆಸಿ 2002 ಮತ್ತು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹುಟ್ಟಿದೊಡನೆ ತರಬೇತಿ ಪಡೆದ ಮರಿಗಳೂ ಪಡೆಯದ ಮರಿಗಳೂ ಮೊದಲ ಮೂರು ತಿಂಗಳಲ್ಲಾಗಲಿ ಆರನೆಯ ತಿಂಗಳಲ್ಲಾಗಲಿ ಗಮನಾರ್ಹವಾಗಿ ಬೇರೆಯಾಗಿ ವರ್ತಿಸಲಿಲ್ಲ. ಬೇರೆ ಕೆಲವು ಅಧ್ಯಯನಗಳು ಮೊದಲ ತಿಂಗಳುಗಳಲ್ಲಿ ಮರಿಯನ್ನು ಹಿಡಿಯುವುದು, ಗೊರಸೆತ್ತುವುದು ಸ್ವಲ್ಪ ಸುಲಭವಾಗುವುದನ್ನು ಕಂಡಿವೆ. ಇದನ್ನು ಮರೆಮಾಚುವುದು ನ್ಯಾಯವಲ್ಲ. ಆದರೆ ಫ್ರಾನ್ಸಿನ ರೆನ್ನ್ ವಿಶ್ವವಿದ್ಯಾಲಯದ ಸೆವೆರಿನ್ ಆನ್ರಿ, ಮಾರ್ಟೀನ್ ಹೌಸ್‌ಬರ್ಗರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗವು ಪ್ರಯೋಜನದ ಪ್ರಶ್ನೆಯನ್ನು ದಾಟಿ ಹಾನಿಯ ಪ್ರಶ್ನೆಗೆ ಬರುತ್ತದೆ. ಹುಟ್ಟಿದೊಡನೆ ಒಂದು ಗಂಟೆ ಕಾಲ ಬಲವಂತವಾಗಿ ಮುಟ್ಟಿಸಿಕೊಂಡ ಮರಿಗಳು ಮೊಲೆಯುಣ್ಣುವುದನ್ನು ಸರಿಯಾಗಿ ರೂಢಿಸಿಕೊಳ್ಳಲು ತೊಡಕುಪಟ್ಟವು. ಬೆಳೆದಂತೆ ತಾಯಿಗೆ ಅತಿಯಾಗಿ ಅಂಟಿಕೊಂಡು ಕಡಿಮೆ ಆಡಿದವು. ಹಾಲು ಬಿಡಿಸಿದ ಮೇಲೆ ಜೊತೆಯ ಮರಿಗಳಿಂದ ದೂರ ಸರಿದವು. ಭಯವನ್ನು ತೆಗೆಯಲೆಂದು ಹೂಡಿದ ಕ್ರಮವು ತಾಯಿ ಮತ್ತು ಮರಿ ಒಂದನ್ನೊಂದು ಗುರುತಿಸಿಕೊಳ್ಳುವ ಗಳಿಗೆಯನ್ನೇ ಕದಡಿ, ಭಯಕ್ಕೆ ಇರುವ ಸಹಜ ಆಸರೆಯನ್ನು ದುರ್ಬಲಗೊಳಿಸಿತು. ತಪ್ಪು ಕೈಗಳಲ್ಲಿ ಮಾತ್ರ ಹೀಗಾಗುತ್ತದೆಂದು ಸಮರ್ಥಕರು ಹೇಳಬಹುದು. ಆದರೆ ಜೀವನದ ಮೊದಲ ಗಂಟೆಯಲ್ಲಿ ಎಳ್ಳಷ್ಟೂ ಎಡವದ ಕೈ ಬೇಕೆಂದು ಕೇಳುವ ಪದ್ಧತಿಯನ್ನು ಎಲ್ಲ ಲಾಯಗಳಿಗೂ ಶಿಫಾರಸು ಮಾಡುವುದು ವಿವೇಕವಲ್ಲ.

ಇದೇ ರೆನ್ನ್ ತಂಡ 2005ರಲ್ಲಿ ಪ್ರಕಟಿಸಿದ್ದ ಇನ್ನೊಂದು ಪ್ರಯೋಗವು ಇಡೀ ಚರ್ಚೆಯ ದಿಕ್ಕನ್ನು ಬದಲಿಸುವಂಥದ್ದು, ಅದಕ್ಕೆ ಸಿಗಬೇಕಾದಷ್ಟು ಪ್ರಚಾರ ಸಿಕ್ಕಿಲ್ಲ. ಅಲ್ಲಿ ಮರಿಗಳನ್ನು ಯಾರೂ ಮುಟ್ಟಲಿಲ್ಲ. ಮರಿ ಹುಟ್ಟಿದ ಮೊದಲ ಐದು ದಿನ, ದಿನಕ್ಕೆ 15 ನಿಮಿಷದಂತೆ, ತಾಯಿಕುದುರೆಯ ಮೈಯನ್ನು ಮೃದುವಾಗಿ ಬ್ರಷ್‌ನಿಂದ ಉಜ್ಜಿದರು. ಮರಿ ಪಕ್ಕದಲ್ಲಿ ನಿಂತು ನೋಡುತ್ತಿತ್ತು. ಅಂಥ ಮರಿಗಳು ಮನುಷ್ಯರ ಹತ್ತಿರ ತಾವಾಗಿಯೇ ಬಂದವು, ಮುಟ್ಟಿಸಿಕೊಂಡವು, ಬೆನ್ನಿನ ಮೇಲೆ ಜೀನಿನ ಮೆತ್ತೆಯನ್ನು ಹಾಕಿದಾಗಲೂ ಬೇಗ ಒಪ್ಪಿದವು. ವರ್ಷವಾದರೂ ಈ ಪರಿಣಾಮ ಅಳಿದಿರಲಿಲ್ಲ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದ ಯಾನೆ ವಿಂಟರ್ ಕ್ರಿಸ್ಟೆನ್ಸೆನ್ 2016ರಲ್ಲಿ ಈ ತತ್ತ್ವವನ್ನು ಭಯದ ವಸ್ತುಗಳಿಗೇ ಅನ್ವಯಿಸಿದರು. ಗಬ್ಬದ ಕುದುರೆಗಳನ್ನು ಮೊದಲೇ ಕೊಡೆ, ಪ್ಲಾಸ್ಟಿಕ್ ಮುಂತಾದ ಬೆದರಿಸುವ ವಸ್ತುಗಳಿಗೆ ರೂಢಿಗೊಳಿಸಿ, ಈದ ಮೇಲೆ ಮೊದಲ ಎಂಟು ವಾರಗಳಲ್ಲಿ ಮರಿಯ ಕಣ್ಣೆದುರಿಗೇ ಅವು ಆ ವಸ್ತುಗಳ ನಡುವೆ ನಿರಾತಂಕವಾಗಿ ಓಡಾಡುವಂತೆ ಮಾಡಿದರು. ಎಂಟನೆಯ ವಾರದಲ್ಲಿಯೂ ಐದನೆಯ ತಿಂಗಳಿನಲ್ಲಿಯೂ ಪರೀಕ್ಷಿಸಿದಾಗ ಆ ಮರಿಗಳು ಉಳಿದವಕ್ಕಿಂತ ಕಡಿಮೆ ಹೆದರಿ, ಹೊಸ ವಸ್ತುಗಳನ್ನು ಹೆಚ್ಚು ಮೂಸಿ ಪರಿಶೀಲಿಸಿದವು. ಅಲುಗದಿರುವುದಕ್ಕಿಂತ ಮುಂದೆ ಬಂದು ಮೂಸುವುದು ನೆಮ್ಮದಿಗೆ ಎಷ್ಟೋ ಉತ್ತಮವಾದ ಸಾಕ್ಷ್ಯ. ಮಿಲ್ಲರ್ ಎತ್ತಿದ ಪ್ರಶ್ನೆಗೆ ಯೋಗ್ಯವಾದ ಉತ್ತರ ಇದು.

ಈ ತಿಳಿವಳಿಕೆಯ ಬೆಳಕಿನಲ್ಲಿ ಗಲಭೆಯ ರಾತ್ರಿಯ ರೂಢಿಗಳನ್ನೂ ತೂಗಿ ನೋಡಬೇಕು. ಸದ್ದು ಆರಂಭವಾದ ಮೇಲೆ ಮರಿಯನ್ನೋ ತಾಯಿಯನ್ನೋ ಹೊಸ ಜಾಗಕ್ಕೆ ಸಾಗಿಸುವುದು ಬಹುತೇಕ ಕೆಡುಕೇ. ಲಾಯವೋ ಬಯಲೋ ಎಂಬುದಕ್ಕಿಂತ ಆ ಜೋಡಿಗೆ ದಿನವೂ ಪರಿಚಿತವಾದ ಜಾಗ ಯಾವುದೆಂಬುದು ಮುಖ್ಯ, ಬೇಲಿ ಮಾತ್ರ ಕಣ್ಣಿಗೆ ಎದ್ದು ಕಾಣುವಂತೆ, ಮುಳ್ಳುತಂತಿಯಿಲ್ಲದಂತೆ ಇರಬೇಕು. ಬೆದರಿದ ಮರಿಯ ತಲೆಗೆ ಹಗ್ಗ ಕಟ್ಟಿ ಎಳೆಯುವುದು ಎಲ್ಲಕ್ಕಿಂತ ಅಪಾಯಕಾರಿಯಾದ ತಪ್ಪು, ಏಕೆಂದರೆ ಎಳೆತಕ್ಕೆ ವಿರುದ್ಧವಾಗಿ ಹಿಂದಕ್ಕೆ ಜಗ್ಗುವ ಮರಿ ಮುಂಗಾಲೆತ್ತಿ ಬೆನ್ನ ಮೇಲೆ ಬಿದ್ದು ತಲೆಬುರುಡೆಗೋ ಕತ್ತಿಗೋ ಪೆಟ್ಟು ಮಾಡಿಕೊಳ್ಳುತ್ತದೆ; ಹಿಡಿಯಲೇಬೇಕಾಗಿ ಬಂದರೆ ಒಂದು ತೋಳನ್ನು ಎದೆಯ ಮುಂದೆ, ಇನ್ನೊಂದನ್ನು ಪೃಷ್ಠದ ಹಿಂದೆ ಇಟ್ಟು, ತಾಯಿಯ ಕಣ್ಣಳತೆಯಲ್ಲಿಯೇ ಹಿಡಿಯಬೇಕು. ತಾಯಿಗೆ ಶಾಮಕ ಔಷಧ ಕೊಡಿಸುವುದಾದರೆ ಸದ್ದಿಗೆ ಮೊದಲೇ ವೈದ್ಯರಿಂದ ಕೊಡಿಸಬೇಕು, ಉದ್ರೇಕಗೊಂಡ ಪ್ರಾಣಿಯ ಮೇಲೆ ಅದರ ಪರಿಣಾಮ ಕುಗ್ಗುತ್ತದೆ. ಹೆದರದ ಇನ್ನೊಂದು ಕುದುರೆಯ ಒಡನಾಟವು ಎಳೆಯ ಕುದುರೆಗಳ ಭಯವನ್ನು ಇಳಿಸುವುದನ್ನು ಕ್ರಿಸ್ಟೆನ್ಸೆನ್ ತಂಡವೇ 2008ರಲ್ಲಿ ತೋರಿಸಿದ್ದರಿಂದ, ಜೊತೆಯ ಆಯ್ಕೆ ಔಷಧದ ಆಯ್ಕೆಗಿಂತ ಮೊದಲು ಬರಬೇಕಾದದ್ದು.

ತಾಯಿಯ ಮೂಲಕ ಸಾಗುವ ಈ ದಾರಿಗೂ ಒಂದು ಮಿತಿಯಿದೆ, ಅದು ಋತುಮಾನದಿಂದ ಬರುವ ಮಿತಿ. ನ್ಯೂಜಿಲೆಂಡಿನಲ್ಲಿ ನವೆಂಬರ್ 5ರ ಗೈ ಫಾಕ್ಸ್ ಪಟಾಕಿಗಳು ಸಿಡಿಯುವಾಗ ಆ ವರ್ಷದ ಮರಿಗಳು ಇನ್ನೂ ವಾರಗಳ ಕೂಸುಗಳು, ತಾಯಿಯ ಮಗ್ಗುಲಲ್ಲೇ ಇರುವಂಥವು. ಭಾರತದಲ್ಲಿ ಹಾಗಲ್ಲ. ಹೈದರ್ ಮತ್ತು ಟಿಪ್ಪುವಿನ ಕಾಲದ ಅಶ್ವಾಲಯದ ಪರಂಪರೆಯುಳ್ಳ ಕುಣಿಗಲ್ ಸೇರಿದಂತೆ ಇಲ್ಲಿ ಬೆಳೆಸಿದ ರೇಸ್ ತಳಿಯ ಮರಿಗಳು ಬಹುಪಾಲು ಜನವರಿಯಿಂದ ಬೇಸಿಗೆಯೊಳಗೆ ಹುಟ್ಟುತ್ತವೆ. ಆರು ತಿಂಗಳ ಹೊತ್ತಿಗೆ ಹಾಲು ಬಿಡಿಸುವುದು ರೂಢಿಯಾದ್ದರಿಂದ, ದೀಪಾವಳಿಯ ಪಟಾಕಿ ಬರುವಾಗ ಅನೇಕ ಮರಿಗಳು ತಾಯಿಯನ್ನು ಆಗತಾನೇ ಕಳೆದುಕೊಂಡಿರುತ್ತವೆ. ಅಗಲಿಕೆಯ ಒತ್ತಡದ ಮೇಲೆ ಸದ್ದಿನ ಒತ್ತಡ ಬೀಳುತ್ತದೆ. ತಾಯಿಯಿಂದ ಕಲಿತದ್ದು ಉಳಿದಿದ್ದರೂ ತಾಯಿ ಇಲ್ಲ. ಹಾಲು ಬಿಡಿಸಿದ ಮರಿಗಳನ್ನು ಅವುಗಳಷ್ಟಕ್ಕೇ ಗುಂಪು ಮಾಡಿ ಬಿಡುವ ರೂಢಿಗೆ ಬದಲಾಗಿ, ಸಂಬಂಧವಿಲ್ಲದ ಎರಡು ವಯಸ್ಕ ಹೆಣ್ಣುಕುದುರೆಗಳನ್ನು ಜೊತೆಗಿರಿಸಿದಾಗ ಒತ್ತಡದ ಲಕ್ಷಣಗಳು ತಗ್ಗಿದ್ದನ್ನು ಆನ್ರಿ ಮತ್ತು ಸಂಗಡಿಗರು 2012ರಲ್ಲಿ ವರದಿ ಮಾಡಿದ್ದಾರೆ. ಆದ್ದರಿಂದ ಇಲ್ಲಿನ ಲಾಯಗಳು ಪಂಚಾಂಗವನ್ನು ನೋಡಿಯೇ ಹಾಲು ಬಿಡಿಸುವ ದಿನವನ್ನು ಗೊತ್ತುಮಾಡಬೇಕು: ಒಂದೋ ದೀಪಾವಳಿಗೆ ತಿಂಗಳೆರಡು ತಿಂಗಳು ಮೊದಲೇ ಬಿಡಿಸಿ, ಪಟಾಕಿಗೆ ಬೆದರದ ಹಿರಿಯ ಕುದುರೆಯೊಂದನ್ನು ಮರಿಗಳ ಗುಂಪಿಗೆ ಸೇರಿಸಿ, ಅದರ ಒಡನಾಟ ಹಬ್ಬದ ಹೊತ್ತಿಗೆ ಗಟ್ಟಿಯಾಗುವಂತೆ ನೋಡಿಕೊಳ್ಳಬೇಕು, ಇಲ್ಲವೇ ತಡವಾಗಿ ಹುಟ್ಟಿದ ಮರಿಗಳ ವಿಷಯದಲ್ಲಿ ಹಬ್ಬ ಕಳೆಯುವ ತನಕ ತಾಯಿಯ ಜೊತೆಯಲ್ಲಿಯೇ ಬಿಡಬೇಕು.