ಸಯಾಂ ಅರಮನೆಯ ಉಪಾಧ್ಯಾಯಿನಿ: ಒಂದು ಸಾಕ್ಷ್ಯದ ಪರೀಕ್ಷೆ

ಆನ್ನಾ ಲಿಯೊನೊವೆನ್ಸ್ 1862ರಿಂದ 1867ರವರೆಗೆ ಬ್ಯಾಂಕಾಕಿನ ಅರಮನೆಯಲ್ಲಿ ದೊರೆ ಮೋಂಗ್‌ಕುಟನ ಮಕ್ಕಳಿಗೂ ರಾಣೀವಾಸದವರಿಗೂ ಇಂಗ್ಲಿಷ್ ಕಲಿಸಿದಳು. 1870ರಲ್ಲಿ ಪ್ರಕಟವಾದ ಆಕೆಯ ಅನುಭವಕಥನ ಮುಂದೆ ಕಾದಂಬರಿಗೂ, 1951ರ ಸಂಗೀತನಾಟಕಕ್ಕೂ, 1956ರ ಚಲನಚಿತ್ರಕ್ಕೂ ಮೂಲವಾಯಿತು. ಗ್ರಂಥವನ್ನು ಕಾಣದವರೂ ಅದರ ದೊರೆಯನ್ನು ಬಲ್ಲರು: ಮುಂಗೋಪಿ, ಅರೆನಾಗರಿಕ, ಉಪಾಧ್ಯಾಯಿನಿಯ ಕೈಯಲ್ಲಿ ತಿದ್ದಿಸಿಕೊಂಡವನು.

ಇತಿಹಾಸ ಬಲ್ಲ ಮೋಂಗ್‌ಕುಟನೇ ಬೇರೆ. 27 ವರ್ಷ ಭಿಕ್ಷುವಾಗಿದ್ದ ಆತ ಪಾಲಿಯಲ್ಲಿ ಪಂಡಿತ. ಲ್ಯಾಟಿನ್, ಇಂಗ್ಲಿಷ್ ಬಲ್ಲವನು. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ತಾನೇ ಗಣಿಸಿದವನು. ಆಕೆಯನ್ನು ಕರೆಸಿಕೊಂಡ ಪತ್ರದಲ್ಲಿಯೇ ಪಾಠದೊಡನೆ ಮತಪ್ರಚಾರ ಬೇಡವೆಂದು ಸೂಚಿಸಿದ್ದನು. ಗುರುವಿನಿಂದ ತನಗೇನು ಬೇಕು, ಏನು ಬೇಡ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತಿಳಿದಿದ್ದ ಶಿಷ್ಯಪಕ್ಷ ಅಪರೂಪ! ಇನ್ನು ಆಕೆ ವರ್ಣಿಸುವ ನೆಲಮಾಳಿಗೆಯ ಸೆರೆಮನೆಗಳ ಮಾತು. ಅಗೆದಲ್ಲಿ ನೀರು ಜಿನುಗುವ ಬ್ಯಾಂಕಾಕಿನ ಮಣ್ಣಿನಲ್ಲಿ ಅಂತಹವು ನಿಲ್ಲಲಾರವೆಂದು ವಿದ್ವಾಂಸರು ಆಕ್ಷೇಪಿಸಿರುವುದು ಯುಕ್ತವಾಗಿಯೇ ಇದೆ.

ಈ ಕಾರಣಗಳಿಂದ ನಾವು ಬಹುಕಾಲ ಈ ಗ್ರಂಥವನ್ನು ಕಟ್ಟುಕಥೆಯೆಂದು ವಿದ್ಯಾರ್ಥಿಗಳ ಮುಂದೆ ತಳ್ಳಿಹಾಕುತ್ತಿದ್ದೆವು. ಅದು ಆತುರದ ತೀರ್ಪೆಂದು ಈಗ ತೋರುತ್ತದೆ. ಒಪ್ಪಂದದಂತೆ ಅರಮನೆಯ ಹೊರಗೆ ಮನೆ ದೊರೆಯದೆ ಆಕೆ ನಡೆಸಿದ ಜಗಳ, ಪಾಠವಲ್ಲದೆ ದೊರೆಯ ಪತ್ರವ್ಯವಹಾರವೂ ತಲೆಗೆ ಬಿದ್ದ ಬೇಸರ, ಇವುಗಳಲ್ಲಿ ಪರದೇಶದಲ್ಲಿ ಸಂಬಳಕ್ಕೆ ನಿಂತ ಶಿಕ್ಷಕಿಯ ನಿಜವಾದ ದನಿಯಿದೆ. ತಾನು ಕಾಣದ ಕಡೆಗೆ ಹೋದಾಗ ಮಾತ್ರ ಲೇಖನಿ ಹಾದಿ ತಪ್ಪುತ್ತದೆ.

ಆಕೆಯ ಅತ್ಯಂತ ದೊಡ್ಡ ಸುಳ್ಳು ಸಯಾಮಿಗೆ ಸಂಬಂಧಿಸಿದ್ದಲ್ಲ. ವೇಲ್ಸಿನಲ್ಲಿ ಹುಟ್ಟಿದವಳು, ಸೈನ್ಯಾಧಿಕಾರಿಯ ವಿಧವೆ ಎಂದು ಆಕೆ ಹೇಳಿಕೊಂಡಳು. 1970ರ ದಶಕದಲ್ಲಿ ಬ್ರಿಸ್ಟೋ ನಡೆಸಿದ ಶೋಧನೆಯಿಂದ ತಿಳಿದುಬಂದುದು ಬೇರೆ: ಹುಟ್ಟಿದ್ದು 1831ರಲ್ಲಿ, ನಮ್ಮ ನೆರೆಯ ಅಹಮದನಗರದಲ್ಲಿ, ಪತಿ ಗುಮಾಸ್ತನಾಗಿದ್ದವನು, 1859ರಲ್ಲಿ ಪೆನಾಂಗಿನಲ್ಲಿ ತೀರಿಕೊಂಡವನು. ತಾಯಿಯ ಕಡೆಯಿಂದ ಭಾರತೀಯ ರಕ್ತವೂ ಇದ್ದಿತೆಂಬುದು ಹಲವರ ಊಹೆ. ಕೈಗೂಸುಗಳೊಡನೆ ಉಳಿದ ಇಂತಹ ವಿಧವೆ ಸತ್ಯವನ್ನೇ ನುಡಿದಿದ್ದರೆ ಆಂಗ್ಲ ಮಹಿಳೆಗೆ ಸಲ್ಲುವ ಮನ್ನಣೆ ಆಕೆಗೆ ಸಿಕ್ಕುತ್ತಿತ್ತೇ? ಸಂಶಯ. ಮರಾಠಿ ನಾಡಿನ ಹುಡುಗಿ ಸಯಾಮಿನವರಿಗೆ ಇಂಗ್ಲೆಂಡಾಗಿ ನಿಂತಳು. ಆ ವೇಷ ಕಳಚೀತೆಂಬ ಭಯವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದರೆ, ದೊರೆಯ ಅನಾಗರಿಕತೆಯನ್ನು ಆಕೆ ಅಷ್ಟು ಗಟ್ಟಿಯಾಗಿ ಸಾರಿದುದೇಕೆಂಬುದು ತಿಳಿಯುತ್ತದೆ.