ರೇಷನ್ ಚೀಲ, ಸೊಂಟದ ಟೇಪು

ಕಂದಾಯದ ಲೆಕ್ಕಕ್ಕೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಾಲೆಯ ಲೆಕ್ಕಕ್ಕೆ ಮಾತ್ರ ಅವು ಬೇರೆಯೇ ಜಿಲ್ಲೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರು ಒಂದು ಕಡೆ, ಮಧುಗಿರಿ ಇನ್ನೊಂದು ಕಡೆ ಕಾಣಿಸುವುದು ಅದಕ್ಕೇ. ಮಳೆ ಕಡಿಮೆ, ಬಂಡೆ ಜಾಸ್ತಿ, ರಾಗಿ-ಕಡಲೆಕಾಯಿ-ಹುರುಳಿಯ ಈ ಸೀಮೆಯಲ್ಲಿ ಸರ್ಕಾರ ಜನರ ಮೈಯನ್ನು ಹೇಗೆ ಅಳೆಯುತ್ತದೆ, ಆ ಮೈಗೆ ಏನನ್ನು ಉಣಿಸುತ್ತದೆ ಎಂದು ನೋಡಿದರೆ, ತೂಕ ಇಳಿಸಿಕೊಳ್ಳುವುದು ಅವರವರ ಹಣೆಬರಹ ಎಂದು ನಾವು ಎಷ್ಟು ಸಲೀಸಾಗಿ ನಂಬಿದ್ದೇವೆ ಎನ್ನುವುದು ಗೊತ್ತಾಗುತ್ತದೆ.

ಮೊದಲ ಅಳತೆ ಅಂಗನವಾಡಿಯದು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಕರ್ನಾಟಕಕ್ಕೆ ಬಂದದ್ದು ತಿ. ನರಸೀಪುರದ ಮೂಲಕ. ಅಂದಿನಿಂದ ಇಂದಿನವರೆಗೆ ಆ ತಕ್ಕಡಿ ಹುಡುಕುವುದು ಸೊರಗಿದ ಮಗುವನ್ನು. ಹುಡುಕಲೇಬೇಕು. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. ಮಗು ಶಾಲೆಗೆ ಹೋದ ಮೇಲೆ ಆಗೊಮ್ಮೆ ಈಗೊಮ್ಮೆ ತಪಾಸಣೆಯ ತಂಡ ಬಂದು ಹೋಗುತ್ತದೆ. ಹೆಣ್ಣುಮಗಳು ಬಸುರಿಯಾದಾಗ ತಾಯಿ ಕಾರ್ಡಿನಲ್ಲಿ ಮತ್ತೆ ತೂಕ ಬರೆಯುತ್ತಾರೆ. ಅಷ್ಟು ಬಿಟ್ಟರೆ ಮೈ ಬೆಳೆದದ್ದು, ಬಳಲಿದ್ದು, ಉಬ್ಬಿದ್ದು ಯಾವ ಇಲಾಖೆಯ ಕಡತಕ್ಕೂ ಸೇರುವುದಿಲ್ಲ.

ಎರಡನೆಯ ಅಳತೆ ಬರುವುದು ಮೂವತ್ತು ತುಂಬಿದ ಮೇಲೆ. ಆಶಾ ಕಾರ್ಯಕರ್ತೆ ಟೇಪು ಹಿಡಿದು ಮನೆಗೆ ಬರುತ್ತಾಳೆ. ಬಿಪಿ, ಶುಗರ್ ಥರದ ಕಾಯಿಲೆಗಳ ಅಪಾಯ ಯಾರಿಗಿದೆ ಎಂದು ಅಂದಾಜು ಮಾಡುವ ಫಾರಂ ಅದು. ಹೆಂಗಸರ ಸೊಂಟ 80 ಸೆಂಟಿಮೀಟರ್ ದಾಟಿದರೆ ಒಂದು ಅಂಕ, 90 ದಾಟಿದರೆ ಎರಡು. ಗಂಡಸರಿಗೆ 90 ಮತ್ತು 100ರ ಗೆರೆ. ಬೀಡಿ-ಹೊಗೆಸೊಪ್ಪು, ಕುಡಿತ, ಅಪ್ಪ-ಅಮ್ಮನಿಗಿದ್ದ ಕಾಯಿಲೆ, ವಾರಕ್ಕೆ 150 ನಿಮಿಷ ಮೈ ದಣಿಸುತ್ತೀರಾ ಎಂಬ ಪ್ರಶ್ನೆ. ಒಟ್ಟು ಅಂಕ ನಾಲ್ಕನ್ನು ಮೀರಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಒಳ್ಳೆಯ ಫಾರಂ, ಅನುಮಾನವಿಲ್ಲ. ಯಂತ್ರ ಬೇಡ, ಲ್ಯಾಬ್ ಬೇಡ, ಟೇಪಿನ ಅಳತೆ ಹೊಟ್ಟೆಯ ಕೊಬ್ಬಿನ ಸುಳಿವನ್ನು ತೂಕದ ಯಂತ್ರಕ್ಕಿಂತ ಚೆನ್ನಾಗಿಯೇ ಕೊಡುತ್ತದೆ. ಆದರೆ ಫಾರಂ ತುಂಬಿದ ಮೇಲೆ ಆ ಮನೆಗೆ ಸಿಗುವುದು ಒಂದು ಬುದ್ಧಿಮಾತು: ಅನ್ನ ಕಮ್ಮಿ ಮಾಡಿ, ಎಣ್ಣೆ ಕಮ್ಮಿ ಮಾಡಿ, ವಾಕ್ ಮಾಡಿ.

ಈ ಎರಡು ಅಳತೆಗಳ ನಡುವೆ ತಿಂಗಳು ತಿಂಗಳು ತಪ್ಪದೆ ಬರುವುದು ರೇಷನ್ ಚೀಲ. ನನ್ನ ವಿಮರ್ಶೆ ಮುಖ್ಯವಾಗಿ ಅದರ ಮೇಲೆ.

2013ರ ಜುಲೈ 10ರಂದು ಅನ್ನಭಾಗ್ಯ ಬಂತು. ಕಿಲೋಗೆ ಒಂದು ರೂಪಾಯಿ, ಮೂರು ಜನ ಅಥವಾ ಹೆಚ್ಚಿದ್ದ ಬಿಪಿಎಲ್ ಮನೆಗೆ 30 ಕಿಲೋ. 2015ರಲ್ಲಿ ಅದು ಪೂರ್ತಿ ಉಚಿತವಾಗಿ, ತಲೆಗೆ 5 ಕಿಲೋ ಆಯಿತು. 2023ರಲ್ಲಿ ಕೇಂದ್ರದಿಂದ ಹೆಚ್ಚುವರಿ ಅಕ್ಕಿ ಸಿಗದೆ ರಾಜ್ಯ ಕಿಲೋಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಹಾಕಿತು. 2025ರಲ್ಲಿ ಹಣದ ಬದಲು ಮತ್ತೆ ಅಕ್ಕಿಯೇ ಬಂದು ತಲೆಗೆ 10 ಕಿಲೋ ತಲುಪಿತು. ಜನ ಸೋಮಾರಿಗಳಾದರು ಎಂದು ಸಾಲ ಮಾಡದೆ ಉಂಡು ಬೆಳೆದವರು ಮೂಗು ಮುರಿದರು. ಆ ಮಾತಿಗೆ ನಾನು ಕಿವಿಗೊಡುವುದಿಲ್ಲ. ಬರ ಬಂದ ವರ್ಷ ಪಾವಗಡ, ಶಿರಾದ ಹಳ್ಳಿಗಳಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೊರಟ ಮನೆಗಳಲ್ಲಿ ಹಿಂದೆ ಉಳಿದ ಮುದುಕರಿಗೆ ಆ ಅಕ್ಕಿ ಏನಾಗಿತ್ತು ಎಂದು ಕಂಡವರು ಹಾಗೆ ಆಡುವುದಿಲ್ಲ. ಹಸಿವಿನ ವಿರುದ್ಧ ಅನ್ನಭಾಗ್ಯ ಗೆದ್ದ ಯೋಜನೆ. ನನ್ನ ತಕರಾರು ಗೆದ್ದ ಮೇಲಿನದು.

ತಲೆಗೆ 10 ಕಿಲೋ ಎಂದರೆ ದಿನಕ್ಕೆ ಸುಮಾರು 333 ಗ್ರಾಂ ಅಕ್ಕಿ, ಹತ್ತಿರ ಹತ್ತಿರ 1,200 ಕ್ಯಾಲರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಲೆಕ್ಕದಲ್ಲಿ ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ 1,660 ಕ್ಯಾಲರಿ ಸಾಕು. ಮೈಮುರಿದು ದುಡಿಯುವವಳಿಗೆ 2,720 ಬೇಕು. ಅದೇ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿ, ದವಸಧಾನ್ಯದಿಂದ ಬರುವ ಶಕ್ತಿ ಒಟ್ಟಿನಲ್ಲಿ ನೂರಕ್ಕೆ 45ರಷ್ಟಿರಲಿ ಎನ್ನುತ್ತದೆ. ಕೂತು ದುಡಿಯುವವಳು ತನ್ನ ಪಾಲಿನ ಅಕ್ಕಿಯನ್ನು ಪೂರ್ತಿ ಉಂಡರೆ ಅದೊಂದರಿಂದಲೇ ನೂರಕ್ಕೆ 70 ಆಯಿತು. ಒಂದು ಇಲಾಖೆ ಕೊಡುವ ಚೀಲ, ಇನ್ನೊಂದು ಸಂಸ್ಥೆ ಬರೆಯುವ ಪುಸ್ತಕ. ಎರಡಕ್ಕೂ ಮಾತುಕತೆಯೇ ಇಲ್ಲ.

ಹಾಗಾದರೆ ಹಳೆಯ ಕಾಲದ ಹಾಗೆ ಹಿಟ್ಟು ಉಂಡರೆ ಸರಿಹೋಗುತ್ತದೆಯೇ? ಈ ಕಡೆ ಮುದ್ದೆಗೆ ಹಿಟ್ಟು ಎನ್ನುತ್ತಾರೆ. ಹಿಟ್ಟಿನ ಬಗ್ಗೆ ನಮಗಿರುವ ಹೆಮ್ಮೆಯನ್ನೂ ಸ್ವಲ್ಪ ಅಳೆದು ನೋಡಬೇಕು. ನೂರು ಗ್ರಾಂ ರಾಗಿಯಲ್ಲಿ 320 ಕ್ಯಾಲರಿ, ಅಕ್ಕಿಯಲ್ಲಿ 356. ವ್ಯತ್ಯಾಸ ಅಷ್ಟೇ. ರಾಗಿ ಗೆಲ್ಲುವುದು ನಾರಿನಲ್ಲಿ, ಅಕ್ಕಿಯ 2.8 ಗ್ರಾಂಗೆ ಎದುರಾಗಿ 11 ಗ್ರಾಂ; ಮತ್ತೆ ಸುಣ್ಣದ ಅಂಶದಲ್ಲಿ, ಅಲ್ಲಿ ಅಕ್ಕಿ ಹತ್ತಿರವೂ ಸುಳಿಯದು. ಹೊಟ್ಟೆ ಬೇಗ ತುಂಬುತ್ತದೆ, ಬಹಳ ಹೊತ್ತು ಹಸಿವಾಗುವುದಿಲ್ಲ. ಆದರೆ ಎರಡು ದೊಡ್ಡ ಹಿಟ್ಟು ನುಂಗಿ ಜಗಲಿಯ ಮೇಲೆ ಕೂತವನ ಮೈಗೆ ಅದು ರಾಗಿಯೋ ಅಕ್ಕಿಯೋ ಎಂಬ ಭೇದ ಅಷ್ಟೇನೂ ಕಾಣದು. ಅಜ್ಜಿ-ತಾತನ ಮೈ ಬಿಗಿಯಾಗಿದ್ದದ್ದು ಹಿಟ್ಟಿನಿಂದಷ್ಟೇ ಅಲ್ಲ. ಹಿಟ್ಟಿನ ಜೊತೆಗಿದ್ದ ಹುರುಳಿಕಾಳಿನ ಬಸ್ಸಾರು, ಹೊಲದ ಬದುವಿನ ಬೆರಕೆ ಸೊಪ್ಪು, ಅವರೆ ಕಾಲದ ಅವರೆ, ಆಮೇಲೆ ಕತ್ತಲಾಗುವ ತನಕದ ಗೇಯ್ಮೆ. ಅನ್ನ ಬಂದು ಹಿಟ್ಟನ್ನು ತಳ್ಳಿದ್ದಕ್ಕಿಂತ, ಕಾಳು-ಸೊಪ್ಪು ತಟ್ಟೆಯಿಂದ ಜಾರಿದ್ದು ದೊಡ್ಡ ನಷ್ಟ ಎಂದು ನನಗನ್ನಿಸುತ್ತದೆ.

ಸರ್ಕಾರ ರಾಗಿಯನ್ನು ಕೈಬಿಟ್ಟಿದೆ ಎಂದೂ ಹೇಳುವಂತಿಲ್ಲ. 2025-26ಕ್ಕೆ ಕ್ವಿಂಟಲ್ ರಾಗಿಯ ಬೆಂಬಲ ಬೆಲೆ 4,886 ರೂಪಾಯಿ. ದಕ್ಷಿಣ ಕರ್ನಾಟಕದ ಪಡಿತರದಲ್ಲಿ ಅಕ್ಕಿಯ ಜೊತೆ ರಾಗಿಯನ್ನೂ ಕೊಡುತ್ತಾರೆ, ಪ್ರಮಾಣ ಮಾತ್ರ ದಾಸ್ತಾನು ನೋಡಿಕೊಂಡು ಏರಿಳಿಯುತ್ತದೆ. ಆದರೆ 2021-22ರಲ್ಲಿ ಖರೀದಿಗೆ ಮಿತಿ ಹಾಕಿ ಸಣ್ಣ ರೈತರಿಂದ ಮಾತ್ರ ಕೊಳ್ಳುತ್ತೇವೆ ಎಂದಾಗ ರಾಗಿ ಸೀಮೆಯ ರೈತರು ಬೀದಿಗಿಳಿದದ್ದನ್ನು ಮರೆಯಬಾರದು. ಬೆಲೆ ಬಂದಾಗ ಬುದ್ಧಿವಂತ ರೈತ ಏನು ಮಾಡುತ್ತಾನೆ? ರಾಗಿಯನ್ನು ಖರೀದಿ ಕೇಂದ್ರಕ್ಕೆ ಹಾಕಿ, ಬಿಟ್ಟಿ ಅಕ್ಕಿಯನ್ನು ಮನೆಗೆ ತರುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆ.

ಈಗ ಗೇಯ್ಮೆಯ ಮಾತು. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಾಲಸಮುದ್ರ ಸುತ್ತಿನಲ್ಲಿ ಸುಮಾರು 13,000 ಎಕರೆ ಭೂಮಿ ಸೋಲಾರ್ ಪಾರ್ಕಿಗೆ ಹೋಯಿತು. ಮಾರಿದ್ದಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಕಡಲೆಕಾಯಿ ನಂಬಿ ಸೋತವರಿಗೆ ಅದು ನೆಮ್ಮದಿಯ ದುಡ್ಡು. ಆದರೆ ಭೂಮಿ ಇದ್ದವರಿಗೆ ಬಾಡಿಗೆ ಸಿಕ್ಕಿತು, ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಹೋಯಿತು. ಉಳಿದ ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರ್, ಬೋರ್‌ವೆಲ್, ಬೈಕು ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಿವೆ. 2,720 ಕ್ಯಾಲರಿ ಬೇಡುತ್ತಿದ್ದ ಮೈ ಒಂದೇ ತಲೆಮಾರಿನಲ್ಲಿ 1,660ರ ಕಡೆಗೆ ವಾಲುವಾಗ ತಟ್ಟೆಯೂ ಅದರ ಹಿಂದೆ ಬದಲಾಗಬೇಕಿತ್ತು. ಬದಲಾಗಲಿಲ್ಲ, ಬದಲಾಯಿಸುವ ಶಕ್ತಿ ಇದ್ದದ್ದು ಚೀಲ ತುಂಬುವವರ ಕೈಯಲ್ಲಿ.

ಪಾವಗಡದಲ್ಲಿ ಇನ್ನೊಂದು ತೊಡಕಿದೆ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್. ವರ್ಷಗಟ್ಟಲೆ ಆ ನೀರು ಕುಡಿದವರ ಹಲ್ಲು ಕಂದುಗಟ್ಟುತ್ತದೆ, ಆಮೇಲೆ ಮಂಡಿ, ಬೆನ್ನುಮೂಳೆ ಸೆಟೆದುಕೊಳ್ಳುತ್ತವೆ. ಕೂತರೆ ಏಳಲಾಗದ ಐವತ್ತರ ಹೆಂಗಸಿಗೆ ‘ದಿನಾ ಅರ್ಧ ಗಂಟೆ ವಾಕ್ ಮಾಡಮ್ಮ’ ಎಂದರೆ ಅವಳು ಏನೆಂದಾಳು? ‘ನೀವೇ ಬಂದು ನಡೆಸಿಕೊಂಡು ಹೋಗಿ ಸ್ವಾಮಿ’ ಎಂದರೆ ತಪ್ಪು ತಿಳಿಯಬಾರದು. ಅವಳ ತೂಕದ ಮದ್ದು ಮೊದಲು ಅವಳ ಕೊಡದ ನೀರಿನಲ್ಲಿದೆ.

ಹೆಂಗಸರ ಅಂಕಿಅಂಶ ಇಡೀ ಚರ್ಚೆಯನ್ನೇ ತಿರುವುಮುರುವು ಮಾಡುತ್ತದೆ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರಲ್ಲಿ ಮಿತಿಮೀರಿದ ತೂಕದವರು ನೂರಕ್ಕೆ 30.1, ಆ ಸಮೀಕ್ಷೆಗೂ ನಾಲ್ಕೈದು ವರ್ಷದ ಹಿಂದೆ ಅದು 23.3 ಇತ್ತು. ರಕ್ತಹೀನತೆ 44.8ರಿಂದ 47.8ಕ್ಕೆ ಏರಿತು. ಎರಡೂ ಒಟ್ಟಿಗೆ ಏರಿವೆ. ದಪ್ಪಗಿರುವವಳು ಚೆನ್ನಾಗಿ ಉಂಡವಳು ಎಂಬ ನಂಬಿಕೆಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಎಲ್ಲರದೂ ಆದ ಮೇಲೆ ಕೂತು, ಕಾಳೆಲ್ಲ ಬಡಿಸಿ ಮುಗಿದ ತಿಳಿಸಾರಿಗೆ ಉಳಿದ ಅನ್ನ ಕಲೆಸಿಕೊಂಡು, ಚೆಲ್ಲಬಾರದು ಎಂದು ಮಕ್ಕಳು ಬಿಟ್ಟದ್ದನ್ನೂ ಮುಗಿಸುವವಳ ಮೈಯಲ್ಲಿ ಕೊಬ್ಬೂ ಕೂರುತ್ತದೆ, ರಕ್ತವೂ ಬತ್ತುತ್ತದೆ. ಇವಳಿಗೆ ಅನ್ನ ಕಮ್ಮಿ ಮಾಡು ಎನ್ನುವುದು ಅರ್ಧ ಸಲಹೆ. ಅನ್ನದ ಜಾಗಕ್ಕೆ ಏನು ಬರಬೇಕು, ಅದರ ದುಡ್ಡು ಯಾರದು ಎಂಬುದು ಉಳಿದರ್ಧ.

ಆ ಉಳಿದರ್ಧಕ್ಕೆ ಮಾರುಕಟ್ಟೆ ಕೊಟ್ಟ ಉತ್ತರ ಸಿರಿಧಾನ್ಯ. ಡಾ. ಖಾದರ್ ವಲಿಯವರ ಭಾಷಣಗಳು ಊರೂರು ತಲುಪಿದವು, 2023 ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷವಾಯಿತು, ಬೆಳೆಯುವವರಿಗೆ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಬಂತು. ಮಧುಗಿರಿ, ಶಿರಾ ಕಡೆಯ ಕೊರಲೆ, ನಗರದವರು ಹೆಸರೇ ಕೇಳಿರದ ಕಾಳು, ಬೆಂಗಳೂರಿನ ಅಂಗಡಿಗಳಲ್ಲಿ ಚಂದದ ಪ್ಯಾಕೆಟ್ಟಾಯಿತು. ರೈತನಿಗೆ ಬೆಲೆ ಸಿಕ್ಕಿದ್ದು ಸಂತೋಷ. ಆದರೆ ಬೆಳೆದ ಊರಿನ ಕೂಲಿಯವಳು ಅದನ್ನು ಕೊಂಡು ಉಣ್ಣಲಾರಳು. ಅಷ್ಟಲ್ಲದೆ, ಸಿರಿಧಾನ್ಯವನ್ನು ಮದ್ದೆಂದು ಮಾರುವ ಭಾಷೆಯಲ್ಲಿ ಉಣ್ಣದವನು ತಪ್ಪಿತಸ್ಥ ಎಂಬ ಧ್ವನಿ ಇದೆ. ನನಗೆ ಅದು ಹಿಡಿಸುವುದಿಲ್ಲ.

ಶಾಲೆಯ ಅಡುಗೆಮನೆಯ ಕಡೆ ಬಂದರೆ ಸ್ವಲ್ಪ ಸಮಾಧಾನ. ಬಿಸಿಯೂಟದಲ್ಲಿ ಪ್ರಾಥಮಿಕ ತರಗತಿಯ ಮಗುವಿಗೆ 100 ಗ್ರಾಂ ಧಾನ್ಯಕ್ಕೆ 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂಬ ನಿಯಮವಿದೆ. ಅಂದರೆ ಧಾನ್ಯಕ್ಕೆ ಬೇಳೆ ಎಷ್ಟಿರಬೇಕೆಂದು ಸರ್ಕಾರಕ್ಕೆ ಗೊತ್ತಿದೆ. ಗೊತ್ತಿದ್ದದ್ದು ಶಾಲೆಯ ಕಾಂಪೌಂಡು ದಾಟಿ ರೇಷನ್ ಅಂಗಡಿಗೆ ಹೋಗಿಲ್ಲ, ಅಷ್ಟೇ. 2013ರಲ್ಲಿ ಕ್ಷೀರಭಾಗ್ಯದ ಹಾಲು, 2024ರ ಫೆಬ್ರವರಿಯಿಂದ ಹಾಲಿನ ಜೊತೆ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್, ಅದೇ ವರ್ಷದ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಲ್ಲಿ ವಾರದ ಆರೂ ದಿನ ಮೊಟ್ಟೆ. ಇವುಗಳಲ್ಲಿ ನನ್ನ ಮತ ಮೊಟ್ಟೆಗೆ. ಕಲಬೆರಕೆಗೆ ಎಡೆಯಿಲ್ಲ, ಸಕ್ಕರೆ ಬೇಡ, ಮಗು ಬಿಡುವುದಿಲ್ಲ. ಮೊಟ್ಟೆ ಒಲ್ಲದವರಿಗೆ ಕೊಡುತ್ತಿದ್ದ ಕಡಲೆ ಚಿಕ್ಕಿಯನ್ನು, ಅದರಲ್ಲಿ ಕೊಬ್ಬು-ಸಕ್ಕರೆ ಹೆಚ್ಚು ಎಂದು 2025ರ ಆರಂಭದಲ್ಲಿ ನಿಲ್ಲಿಸಿದರು. ಕೆಟ್ಟ ಚಿಕ್ಕಿಯ ದೂರುಗಳಿದ್ದವು, ನಿಲ್ಲಿಸಿದ್ದನ್ನು ಆಡಿಕೊಳ್ಳುತ್ತಿಲ್ಲ. ಆದರೆ ಕಡಲೆಕಾಯಿ ಸೀಮೆಯ ಮಕ್ಕಳಿಗೆ ಹುರಿದ ಕಡಲೆಕಾಯಿ ಬೀಜವನ್ನೇ ಒಂದು ಹಿಡಿ ಕೊಡಬಹುದಿತ್ತಲ್ಲ?

ಶಾಲೆಯ ಗೇಟಿನಾಚೆ ಬೇರೆಯದೇ ನೀತಿ. 2025ರ ಫೆಬ್ರವರಿಯಲ್ಲಿ ಪ್ರಧಾನಿ ಅಡುಗೆ ಎಣ್ಣೆಯನ್ನು ನೂರಕ್ಕೆ ಹತ್ತು ಭಾಗ ಕಡಿಮೆ ಮಾಡಿ ಎಂದು ದೇಶಕ್ಕೆ ಕರೆ ಕೊಟ್ಟರು. ಮೇ ಕೊನೆಯಲ್ಲಿ ಕಚ್ಚಾ ಖಾದ್ಯತೈಲದ ಆಮದು ಸುಂಕ 20ರಿಂದ 10ಕ್ಕೆ ಇಳಿಯಿತು. ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕಲೇಟು, ಕುರುಕಲು ತಿಂಡಿಗಳ ಜಿಎಸ್‌ಟಿ 5ಕ್ಕೆ ಬಂತು; ತಂಪುಪಾನೀಯವೊಂದು 40ರಲ್ಲಿ ಉಳಿಯಿತು. ಚಿಲಿ ದೇಶ 2016ರಲ್ಲಿ ಸಕ್ಕರೆ-ಉಪ್ಪು ಜಾಸ್ತಿ ಇರುವ ಪೊಟ್ಟಣಗಳ ಮೇಲೆ ಕಪ್ಪು ಮುದ್ರೆ ಒತ್ತಿಸಿತು; ಅದೇ ವರ್ಷ ನೆರೆಯ ಕೇರಳ ಬರ್ಗರ್-ಪಿಜ್ಜಾ ಮೇಲೆ ನೂರಕ್ಕೆ 14.5 ತೆರಿಗೆ ಹಾಕಿ ನೋಡಿತ್ತು, ಮರುವರ್ಷ ಜಿಎಸ್‌ಟಿ ಬಂದು ಅದೂ ಹೋಯಿತು. ಕೊರಟಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಪಿಜ್ಜಾ ಸಮಸ್ಯೆಯಲ್ಲ. ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟೂ ತಾಳೆ ಎಣ್ಣೆಯ ಬೋಂಡವೂ ಸಮಸ್ಯೆ. ಅವೆರಡೂ ಅಗ್ಗವಾಗಿರುವಂತೆ ನೋಡಿಕೊಂಡು ಬಾಯಿ ಕಟ್ಟಿ ಎಂದರೆ ಯಾರು ಕಟ್ಟುತ್ತಾರೆ!

2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಂದು ಹೆಜ್ಜೆ ಮುಂದಿಟ್ಟಿತು: ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಇಂದಿರಾ ಆಹಾರ ಕಿಟ್. ತೊಗರಿಬೇಳೆ, ಅಡುಗೆ ಎಣ್ಣೆ, ಸಕ್ಕರೆ, ಉಪ್ಪು. ಹೊಟ್ಟೆ ತುಂಬಿಸಿದರೆ ಸಾಲದು ಎಂದು ಒಪ್ಪಿಕೊಂಡ ನಿರ್ಧಾರ ಅದು, ಹೆಚ್ಚಾದ ಅಕ್ಕಿ ಕಾಳಸಂತೆಗೆ ಹೋಗುವುದಕ್ಕೂ ಒಂದು ತಡೆ. ಬೇಳೆಗೆ ನನ್ನ ಪೂರ್ಣ ಅಂಕ. ಎಣ್ಣೆಗೆ ಅರ್ಧ, ಯಾವ ಎಣ್ಣೆ ಎಂಬುದರ ಮೇಲೆ. ಸಕ್ಕರೆಗೆ ಸೊನ್ನೆ. ಸೊಂಟ 90 ದಾಟಿದೆ ಎಂದು ಆಶಾ ಕಾರ್ಯಕರ್ತೆ ಗುರುತು ಹಾಕಿಕೊಂಡ ಮನೆಗೇ ಅದೇ ಸರ್ಕಾರದ ಲಾರಿ ಸಕ್ಕರೆ ಇಳಿಸುವುದಕ್ಕೆ ಏನು ಸಮರ್ಥನೆಯಿದೆ? ಆ ಸಕ್ಕರೆಯ ದುಡ್ಡಿಗೆ ಹುರುಳಿ ಬರುತ್ತದೆ, ಕಡಲೆಕಾಯಿ ಬೀಜ ಬರುತ್ತದೆ. ಎರಡೂ ಈ ನಾಲ್ಕು ತಾಲ್ಲೂಕಿನ ಹೊಲದಲ್ಲೇ ಬೆಳೆಯುತ್ತವೆ. ರಾಗಿ ಕೊಳ್ಳಲು ಸುಗ್ಗಿಯಲ್ಲಿ ತೆರೆಯುವ ಖರೀದಿ ಕೇಂದ್ರದಲ್ಲೇ ಅವನ್ನೂ ಕೊಂಡು, ಇಲ್ಲಿನ ಕಿಟ್ಟಿಗೆ ಇಲ್ಲಿಂದಲೇ ತುಂಬಿಸಬಹುದು.