ಹಗ್ಗ ಹಿಡಿದವರಿಲ್ಲದ ದಡ

ತ್ಯಾವಣಿಗೆಯ ನಮ್ಮ ಹಳೇ ಮನೆಯ ಅಂಗಳದಲ್ಲೊಂದು ಹಗೇವು ಇತ್ತು. ನಾನು ಬುದ್ಧಿ ತಿಳಿಯುವ ಹೊತ್ತಿಗೆ ಅದರ ಬಳಕೆ ನಿಂತುಹೋಗಿ, ಬಾಯಿಗೆ ಚಪ್ಪಡಿ ಕಲ್ಲು ಎಳೆದಾಗಿತ್ತು. ಭದ್ರಾ ನಾಲೆಯ ನೀರು ಹರಿದು ಜೋಳದ ಹೊಲಗಳು ಗದ್ದೆ, ಅಡಿಕೆ ತೋಟಗಳಾದ ಮೇಲೆ ನೆಲದೊಳಗೆ ಕಾಳು ತುಂಬಿಡುವವರು ಯಾರು? ಆದರೂ ಮಕ್ಕಳು ಆ ಕಲ್ಲಿನ ಮೇಲೆ ಕೂತರೆ ಅಜ್ಜಿ ಎಬ್ಬಿಸುತ್ತಿದ್ದಳು. ಹಿಂದೆ ಹಗೇವು ತೆಗೆಯುವ ದಿನ ಏನೇನು ಮಾಡುತ್ತಿದ್ದರೆಂದು ಹೇಳುತ್ತಿದ್ದಳು. ಕಲ್ಲು ಸರಿಸಿ ಒಂದು ಹಗಲು ಹಾಗೇ ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ. ಇಳಿಯುವವನ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಕೊನೆಗೊಂದು ಮಾತು ಸೇರಿಸುತ್ತಿದ್ದಳು: "ಇಳಿದೋನು ಮಾತಾಡ್ಲಿಲ್ಲ ಅಂದ್ರೆ ನೀನು ಇಳೀಬ್ಯಾಡ, ಹಗ್ಗ ಎಳಿ."

ಈ ಮಾತಿನ ತೂಕ ನನಗೆ ತಿಳಿದದ್ದು ಬಹಳ ತಡವಾಗಿ, ಅದೂ 'ಕೆರೆಗೆ ಹಾರ' ಕಥನಗೀತೆಯನ್ನು ಮತ್ತೆ ಓದುವಾಗ.

ಕಥೆ ನಮಗೆಲ್ಲ ಗೊತ್ತಿರುವುದೇ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದಾಗ ಕಿರಿಸೊಸೆ ಭಾಗೀರತಿಯ ಹೆಸರು ನಿಲ್ಲುತ್ತದೆ. ಪೂಜೆ ಮುಗಿಸಿ ಹೊರಟಾಗ ಬಂಗಾರದ ಬಟ್ಟಲು ಕೆರೆಯಲ್ಲಿ ಉಳಿದಿರುತ್ತದೆ. ಅದನ್ನು ತರಲು ಹೋದವಳು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಂತೆ ನೀರೂ ಏರುತ್ತಾ ಅವಳನ್ನು ಮುಳುಗಿಸುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಬರುತ್ತಾನೆ, ಸತ್ಯ ತಿಳಿದು ಅದೇ ಕೆರೆಗೆ ಹಾರುತ್ತಾನೆ.

ನಮ್ಮ ವಿಮರ್ಶೆ ಇದನ್ನು ತ್ಯಾಗದ ಕಥೆಯಾಗಿ ಓದಿತು. ಆಮೇಲೆ ಹೆಣ್ಣಿನ ಬಲಿಯ ಕಥೆಯಾಗಿ ಓದಿತು. ಎರಡನೆಯ ಓದು ಮೊದಲನೆಯದಕ್ಕಿಂತ ಪ್ರಾಮಾಣಿಕವಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಮಾದೇವರಾಯನ ಹತ್ತಿರ ಬಂದಾಗ ಎರಡೂ ಓದುಗಳು ಮೆತ್ತಗಾಗುತ್ತವೆ. ಅವನ ಜಿಗಿತ ಪ್ರೀತಿಯ ತುದಿ, ಅಥವಾ ಪ್ರತಿಭಟನೆ. ನಾನೂ ಹಾಗೆಯೇ ಓದಿ, ನಾಲ್ಕು ಜನರೆದುರು ಗಂಟಲು ಕಟ್ಟಿಸಿಕೊಂಡು ಮಾತಾಡಿದವನು.

ಆ ಓದನ್ನು ಕಲಕಿದ್ದು ಒಂದು ಸಿನಿಮಾ. ಚೈತನ್ಯ ತಮ್ಹಾಣೆ ನಿರ್ದೇಶನದ, 2014ರ 'ಕೋರ್ಟ್'. ಮುಂಬೈನ ಮ್ಯಾನ್‌ಹೋಲ್ ಒಂದರಲ್ಲಿ ಕಾರ್ಮಿಕನೊಬ್ಬ ಸತ್ತಿದ್ದಾನೆ. ಪೊಲೀಸರು ಬಂಧಿಸುವುದು ಮುದಿ ಲೋಕಶಾಹೀರನೊಬ್ಬನನ್ನು. ಅವನ ಹಾಡು ಕೇಳಿ ಕಾರ್ಮಿಕ ಆತ್ಮಹತ್ಯೆ ಮಾಡಿಕೊಂಡ ಎಂಬುದು ಆರೋಪ. ವಿಚಾರಣೆ ಮುಂದುವರಿದಂತೆ ಸತ್ಯ ಹೊರಬರುತ್ತದೆ: ಸತ್ತವನ ಬಳಿ ಯಾವ ರಕ್ಷಣಾ ಸಾಧನವೂ ಇರಲಿಲ್ಲ. ಅವನ ಹೆಂಡತಿ ಕಟಕಟೆಯಲ್ಲಿ ನಿಂತು, ದನಿ ಏರಿಸದೆ ಹೇಳುತ್ತಾಳೆ: ಇಳಿಯುವ ಮೊದಲು ಅವನು ಜಿರಳೆ ಹೊರಗೆ ಬರುತ್ತದೆಯೇ ಎಂದು ನೋಡುತ್ತಿದ್ದ, ಬಂದರೆ ಒಳಗೆ ಉಸಿರಾಡುವ ಗಾಳಿ ಇದೆ ಎಂದು ಲೆಕ್ಕ.

ಅಜ್ಜಿಯ ದೀಪ ನನಗೆ ನೆನಪಾದದ್ದು ಅಲ್ಲಿಯೇ. ಎರಡೂ ಕೆಲಸದ ಜನರ ಅರಿವು. ಆದರೆ ಎರಡಕ್ಕೂ ಮಿತಿಯಿದೆ. ಹಗೇವಿನಲ್ಲಿ ಕಾಳು ಉಸಿರಾಡುತ್ತದೆ. ಹುಳವೂ ಬೂಷ್ಟೂ ಸೇರಿ ಆಮ್ಲಜನಕ ತಿಂದು ಇಂಗಾಲದ ಡೈ ಆಕ್ಸೈಡ್ ಬಿಡುತ್ತವೆ, ಗಾಳಿಗಿಂತ ಭಾರವಾದ ಅದು ತಳದಲ್ಲಿ ನಿಲ್ಲುತ್ತದೆ. ಅಲ್ಲಿ ದೀಪ ಆರುವುದು ನಿಜವಾದ ಎಚ್ಚರಿಕೆ. ಅದೇ ದೀಪವನ್ನು ಒಳಚರಂಡಿಗೆ ಇಳಿಬಿಟ್ಟರೆ ಮೀಥೇನ್‌ಗೆ ಬೆಂಕಿ ಹತ್ತೀತು. ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಇನ್ನೂ ಮೋಸದ್ದು. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ; ಪ್ರಮಾಣ ಏರಿದಂತೆ ಮೂಗೇ ಸತ್ತುಹೋಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ್ದು. ಜಿರಳೆ ಬದುಕುವ ಗಾಳಿಯಲ್ಲಿ ಮನುಷ್ಯ ಬದುಕಬೇಕೆಂದೇನೂ ಇಲ್ಲ. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಸುಮಾರು 20.9 ಶೇಕಡಾ ಇರುತ್ತದೆ, 19.5ಕ್ಕಿಂತ ಕೆಳಗಿಳಿದರೆ ಆ ಜಾಗಕ್ಕೆ ಹಾಗೆಯೇ ಇಳಿಯಬಾರದು. ಅದನ್ನು ಹೇಳಬೇಕಾದ್ದು ಅಳತೆಯ ಯಂತ್ರ. ಯಂತ್ರ ಕೊಡಬೇಕಾದವರು ಕೊಡದಿದ್ದಾಗ ಆ ಕೆಲಸ ಜಿರಳೆಯ ಪಾಲಿಗೆ ಬಂತು. 'ಕೋರ್ಟ್' ಇದನ್ನು ಎಲ್ಲೂ ಕೂಗಿ ಹೇಳುವುದಿಲ್ಲ. ಸಾವಿಗೆ ಹಾಡನ್ನು ಹೊಣೆ ಮಾಡಲು ಸಿದ್ಧವಿರುವ ವ್ಯವಸ್ಥೆ, ಕೊಡದೇ ಹೋದ ಮುಖಗವಸನ್ನು ಹೊಣೆ ಮಾಡಲು ಸಿದ್ಧವಿಲ್ಲ ಎಂಬುದನ್ನಷ್ಟೇ ನಮ್ಮೆದುರು ಇಡುತ್ತದೆ.

ಈಗ ಮಾದೇವರಾಯನಿಗೆ ಬರೋಣ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ 1986ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ 60 ಶೇಕಡಾಕ್ಕಿಂತ ಹೆಚ್ಚು ಮಂದಿ ಮೊದಲು ಇಳಿದವರಲ್ಲ, ಅವರನ್ನು ಉಳಿಸಲು ಹೋದವರು ಎಂದು ಅದು ಹೇಳಿತು. ನಮ್ಮ ಪತ್ರಿಕೆಗಳಲ್ಲೂ ಇದು ಹೊಸ ಸುದ್ದಿಯಲ್ಲ. ಒಬ್ಬ ಇಳಿದ, ಮಾತಾಡಲಿಲ್ಲ. ತಮ್ಮನೋ ಜೊತೆಗಾರನೋ ಧಾವಿಸಿ ಇಳಿದ. ಸುದ್ದಿಯ ತಲೆಬರಹದಲ್ಲಿ ಅಂಕಿ ಎರಡಾಯಿತು, ಮೂರಾಯಿತು. ಇದನ್ನು ಓದಿದ ಮೇಲೆ ಮಾದೇವರಾಯನ ಜಿಗಿತ ನನಗೆ ಬರಿಯ ಪ್ರೀತಿಯ ತುದಿಯಾಗಿ ಉಳಿಯಲಿಲ್ಲ. ಅವನು ಎರಡನೆಯ ಸಾವು. ಮೊದಲನೆಯದನ್ನು ತಡೆಯಬಹುದಾಗಿದ್ದವರೇ ಎರಡನೆಯದಕ್ಕೂ ಹೊಣೆ.

ಜನಪದ ಗೀತೆಯನ್ನು ಸುರಕ್ಷತಾ ಕೈಪಿಡಿ ಹಿಡಿದು ಓದಬಹುದೇ ಎಂದು ನೀವು ಕೇಳಬಹುದು. ಭಾಗೀರತಿಯನ್ನು ಕೊಂದದ್ದು ನೀರು, ವಿಷಗಾಳಿಯಲ್ಲ. ಅವಳ ಗಂಡ ಹಾರಿದ್ದು ಉಳಿಸಲಿಕ್ಕೂ ಅಲ್ಲ, ಹೊತ್ತು ಮೀರಿತ್ತು. ಒಪ್ಪುತ್ತೇನೆ. ಆದರೆ ನಾನು ಹೊರಗಿನಿಂದ ತಂದು ಅಂಟಿಸುತ್ತಿಲ್ಲ, ಗೀತೆಯೇ ಈ ಲೆಕ್ಕವನ್ನು ಇಟ್ಟಿದೆ. ಬಟ್ಟಲು ತರಲು ಯಾರು ಹೋಗಬೇಕೆಂಬ ಮಾತು ಬಂದಾಗ ಹಿರಿಯರೆಲ್ಲ ಜಾರಿಕೊಂಡು ಸರದಿ ಕಿರಿಯಳ ಬಳಿಗೆ ಬರುತ್ತದೆ. ಅವಳಿಗೆ ಮುಂದಾಗುವುದು ಗೊತ್ತಿದೆ, ಗೆಳತಿಯೆದುರು ಹೇಳಿಕೊಂಡೂ ಆಗಿದೆ. ಗೊತ್ತಿದ್ದೂ ಹೋಗುತ್ತಾಳೆ, ಒಲ್ಲೆ ಎನ್ನುವ ಜಾಗ ಅವಳಿಗಿಲ್ಲ. ಇದನ್ನು ಒಪ್ಪಿಗೆ ಎಂದು ಕರೆದವರು ಹಾಡಿದವರಲ್ಲ, ನಾವು, ಓದಿದವರು.

ಮ್ಯಾನ್‌ಹೋಲಿನ ಬಾಯಲ್ಲೂ ಕೇಳಿಬರುವುದು ಇದೇ ಮಾತು: "ಅವನೇ ಇಳಿದ, ನಾವೇನು ತಳ್ಳಲಿಲ್ಲ." ಕಾನೂನು ಈ ನೆಪವನ್ನು ಒಪ್ಪುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್‌ಗೆ ಜನರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿತು. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಸಫಾಯಿ ಕರ್ಮಚಾರಿ ಆಂದೋಲನ ಹೂಡಿದ ದಾವೆಯಲ್ಲಿ, 1993ರಿಂದೀಚೆಗೆ ಹೀಗೆ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂದದ್ದೇ ಸಾವು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ.

ನಮ್ಮದೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೂ ಶಾಂತವ್ವನೆಂಬ ಹೆಣ್ಣಿನ ಐತಿಹ್ಯವಿದೆ. ಕೆರೆಯ ಜೊತೆ ಒಂದು ಜೀವದ ಕಥೆ ಹೆಣೆಯುವುದು ಈ ಸೀಮೆಗೆ ಹೊಸದಲ್ಲ. ಆ ಕಥೆಗಳನ್ನು ಬಿಡಬೇಕಾಗಿಲ್ಲ. ಆದರೆ ಆಳಕ್ಕೆ ಇಳಿದವರ ಬಗ್ಗೆ ಬರೆಯುವಾಗ ವಿಮರ್ಶೆ ದಡದಲ್ಲಿ ನಿಂತವರನ್ನೂ ನೋಡಬೇಕು. ತ್ಯಾಗ, ವಿಧಿ, ಬಲಿ ಎಂಬ ಪದಗಳನ್ನು ಬಳಸುವ ಮುಂಚೆ ಒಂದಿಷ್ಟು ಸಣ್ಣ ಪ್ರಶ್ನೆ ಕೇಳಬೇಕು. ಇಳಿಸಿದವರು ಯಾರು? ಗಾಳಿ ನೋಡಿದವರು ಯಾರು? ಒಲ್ಲೆ ಎನ್ನಲು ಯಾರಿಗೆ ಆಗುತ್ತಿತ್ತು, ಯಾರಿಗೆ ಆಗುತ್ತಿರಲಿಲ್ಲ?

ನಮ್ಮ ಹಗೇವನ್ನು ಆಮೇಲೆ ಮಣ್ಣು ತುಂಬಿ ಮುಚ್ಚಿದರು. ಅಜ್ಜಿ ಓದು ಬರಹ ಬಾರದವಳು, 'ಕೆರೆಗೆ ಹಾರ'ವನ್ನು ಕೇಳಿ ಬಲ್ಲವಳು. ಮಾದೇವರಾಯ ಹಾರುವ ಕಡೆ ಬಂದಾಗಲೆಲ್ಲ ಅವಳು "ಅಯ್ಯೋ, ಯಾರಾದ್ರೂ ಹಿಡೀಬಾರ್ದಿತ್ತಾ" ಅನ್ನುತ್ತಿದ್ದಳು. ಆಗ ಅದು ಮುದುಕಿಯ ಮರುಕ ಅಂದುಕೊಂಡಿದ್ದೆ. ಆ ಗೀತೆಯ ಬಗ್ಗೆ ನಾನು ಓದಿದ ಎಷ್ಟೋ ಲೇಖನಗಳು ಕೇಳದ ಪ್ರಶ್ನೆ ಅದಾಗಿತ್ತು.